ಮಗ್ಗದ ಮನೆಯ ಕೆಂಪು ಉಂಡೆ

ರಗ್ನಾ ಮೂರನೆಯ ಅಂಗಿಯ ತೋಳನ್ನು ಪರ್ರನೆ ಹರಿಯುವ ಹೊತ್ತಿಗೆ ಆ ಅಂಗಿಯ ಯಜಮಾನ ಬಾಗಿಲಲ್ಲಿ ಬಂದು ನಿಂತ. ಟೋಪಿಯ ಮೇಲೆ ಹಿಮ, ಮೊಣಕಾಲಿನವರೆಗೂ ಹಿಮ, ಕಂಕುಳಲ್ಲಿ ಒದ್ದೆಮುದ್ದೆಯಾದ ನಾಯಿ. ನೆಲದ ಮೇಲೆ ಬಿದ್ದಿದ್ದ ನೀಲಿ ಚೌಕಳಿ ಪಟ್ಟಿಗಳನ್ನು ನೋಡಿದ, ಅವಳ ಕೈ ನೋಡಿದ, ಮತ್ತೆ ಪಟ್ಟಿಗಳನ್ನು ನೋಡಿದ.

“ಬಾಗಿಲು ಹಾಕಿ, ಚಳಿ ಬರತ್ತೆ,” ಎಂದಳು ರಗ್ನಾ.

“ಅದು ನನ್ನ ಅಂಗಿ,” ಎಂದ ಅವನು.

ರಗ್ನಾಳ ಕೈಯಲ್ಲಿದ್ದ ತೋಳು ಜಾರಿ ಮಡಿಲಿಗೆ ಬಿತ್ತು.

ಆ ಹಳ್ಳಿಯಲ್ಲಿ ಮಗ್ಗದ ಮನೆಯ ಮೆಟ್ಟಿಲ ಮೇಲೆ ಚೀಲವಿದ್ದರೆ ಅದು ಮಗ್ಗಕ್ಕೆ. ಯಾರದು ಎಂದು ಯಾರೂ ಕೇಳುವುದಿಲ್ಲ. ತೀರಿಕೊಂಡವರ ಕೋಟು, ಮುರಿದುಬಿದ್ದ ಮದುವೆಯ ಮೇಜುಬಟ್ಟೆ, ಹುಟ್ಟದೇ ಹೋದ ಮಗುವಿನ ಹಾಸಿಗೆ, ಎಲ್ಲವೂ ಹಾಗೆ ಸದ್ದಿಲ್ಲದೆ ಬಂದು ಕುಳಿತಿರುತ್ತವೆ. ಕೇಳಿದರೆ ಕೊಟ್ಟವರಿಗೆ ಸಂಕಟ. ಒಳಗೆ ತಂದು, ಪಟ್ಟಿ ಹರಿದು, ಉಂಡೆ ಸುತ್ತಿ, ಜಮಖಾನೆ ನೇಯುವುದು. ಅಷ್ಟೇ ನಡವಳಿಕೆ.

ಅಂಗಿಯ ಯಜಮಾನ ಎಸ್ಕಿಲ್‌ಗೆ ಇದೆಲ್ಲ ಗೊತ್ತಿರಲಿಲ್ಲ ಎಂದಲ್ಲ, ಅವನೂ ಅದೇ ಊರಿನವನು. ಹಾಲಿನ ಟ್ಯಾಂಕರ್ ಓಡಿಸುತ್ತಾ ದಿನವೂ ಆ ಮೆಟ್ಟಿಲ ಮುಂದೆಯೇ ಹಾದು ಹೋಗುವವನು. ಮನೆಯ ವಾಷಿಂಗ್ ಮೆಷಿನ್ ಕೆಟ್ಟು, ಅಕ್ಕನ ಮನೆಯಲ್ಲಿ ಬಟ್ಟೆ ಒಗೆದು, ನಾಯಿಯೊಂದಿಗೆ ನಡೆದು ಬರುತ್ತಿದ್ದನಂತೆ. ನಾಯಿ ಲುಫ್ಸೆ ಒಂದು ಮೊಲ ಕಂಡು ಹಗ್ಗ ಕಿತ್ತುಕೊಂಡು ಕಾಡಿಗೆ ನುಗ್ಗಿತಂತೆ. ಕೈಯಲ್ಲಿದ್ದ ಚೀಲವನ್ನು ಹಿಮದಲ್ಲಿ ಇಡುವುದೇಕೆಂದು ಮೆಟ್ಟಿಲ ಮೇಲಿಟ್ಟು ಓಡಿದನಂತೆ. ನಾಯಿ ಸಿಕ್ಕಿತು, ಅಂಗಿ ಹೋಯಿತು.

“ಇಸ್ತ್ರಿ ಮಾಡಿದ ಅಂಗಿ ಅನ್ನೋದಾದರೂ ಕಾಣಲಿಲ್ವಾ?” ಎಂದು ಮೆಲ್ಲಗೆ ಕೇಳಿದ.

“ಕಾಣಿಸ್ತು. ಯಾರೋ ತುಂಬ ಮರ್ಯಾದಸ್ಥರು ಕೊಟ್ಟಿದಾರೆ ಅಂದ್ಕೊಂಡೆ.”

ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಮುದುಕಿ ಮಾಯ್ಲಿಸ್‌ಗೆ ನಗು ತಡೆಯಲಾಗಲಿಲ್ಲ. ಮಗ್ಗದ ಮನೆಯ ಬೀಗದ ಕೈ ಇರುವುದು ಅವಳ ಸೊಂಟದಲ್ಲಿ, ಅಧಿಕಾರ ಇರುವುದು ಅವಳ ನಾಲಿಗೆಯಲ್ಲಿ. “ನಾಳೆ ಬರಿಮೈಯಲ್ಲಿ ಹಾಲು ತುಂಬಿಸೋಕೆ ಹೋಗಪ್ಪ ಎಸ್ಕಿಲ್, ಹಸುಗಳು ಗಾಬರಿಬಿದ್ದು ಒಂದು ಕ್ಯಾನ್ ಜಾಸ್ತಿನೇ ಕೊಡ್ತಾವೆ,” ಎಂದಳು.

ಬೈಯುತ್ತಾನೆ ಎಂದು ರಗ್ನಾ ಕಾದಳು. ಅವನು ಬೈಯಲಿಲ್ಲ. ಬಗ್ಗಿ ಒಂದು ಪಟ್ಟಿ ಎತ್ತಿಕೊಂಡು ಬೆರಳಿಗೆ ಸುತ್ತಿ ಬಿಚ್ಚಿ ನೋಡಿದ. ಇವನ್ನು ತಾನೇ ನೇಯಬಹುದೇ ಎಂದು ಕೇಳಿದ. ಮೈಮೇಲಂತೂ ಹಾಕಿಕೊಳ್ಳುವ ಹಾಗಿಲ್ಲ, ಕಾಲಡಿಗಾದರೂ ಇರಲಿ ಎಂದ. ಆಮೇಲೆ ನೇರವಾಗಿ ರಗ್ನಾಳ ಕಡೆ ತಿರುಗಿ, “ಹರಿದವರೇ ಹೇಳಿಕೊಡಬೇಕು,” ಎಂದ.

ಆ ಮನೆಯೊಳಗೆ ಅದುವರೆಗೆ ಕಾಲಿಟ್ಟಿದ್ದ ಗಂಡಸರೆಂದರೆ ಒಲೆಯ ಚಿಮಣಿ ಗುಡಿಸುವವನು ಒಬ್ಬನೇ. ಮಾಯ್ಲಿಸ್‌ಳ ನಗು ಅಲ್ಲಿಗೇ ನಿಂತಿತು.

*

ಆ ಚಳಿಗಾಲದ ಹಾಸು, ಅಂದರೆ ಉದ್ದನೆಯ ನೂಲು, ಆಗಲೇ ಮಗ್ಗಕ್ಕೆ ಏರಿತ್ತು. ಒಂದೇ ಹಾಸಿನ ಮೇಲೆ ಊರಿನ ಹೆಂಗಸರೆಲ್ಲ ಸರದಿಯಂತೆ ತಮ್ಮ ತಮ್ಮ ಜಮಖಾನೆ ನೇಯುವುದು ಅಲ್ಲಿಯ ಪದ್ಧತಿ. ನೇಯ್ದದ್ದು ನೇಯ್ದ ಹಾಗೇ ಕೆಳಗಿನ ಮರದ ದಿಂಡಿಗೆ ಸುತ್ತಿಕೊಳ್ಳುತ್ತಾ ಹೋಗುತ್ತದೆ. ಒಬ್ಬರದು ಮುಗಿದು ಇನ್ನೊಬ್ಬರು ಶುರುಮಾಡುವಾಗ ಒಂದು ಗೇಣು ಬರಿನೂಲು ಬಿಟ್ಟು, ಅದರ ನಡುವೆ ಕೆಂಪು ಉಂಡೆಯಿಂದ ಎರಡು ಎಳೆ ಹಾಯಿಸಬೇಕು. ಅದೇ ಗಡಿ. ವಸಂತದಲ್ಲಿ ಹಾಸು ತೀರಿದ ದಿನ ಎಲ್ಲರೂ ಸೇರಿ ದಿಂಡು ಬಿಚ್ಚಿ, ಕೆಂಪು ಕಂಡಲ್ಲಿ ಕತ್ತರಿ ಹಾಕಿ, ಬರಿನೂಲನ್ನು ಕುಚ್ಚು ಕಟ್ಟಿ, ಅವರವರದನ್ನು ಅವರವರು ಒಯ್ಯುತ್ತಾರೆ. ಅಲ್ಲಿಯವರೆಗೆ ತಾನು ನೇಯ್ದದ್ದನ್ನು ತಾನೂ ನೋಡುವಂತಿಲ್ಲ.

ಮಾಯ್ಲಿಸ್‌ಳದು ಮುಗಿದು ರಗ್ನಾಳ ಸರದಿ ನಡೆದಿತ್ತು. ಅವಳ ನಂತರದ ಕೊನೆಯ ಸರದಿ ಎಸ್ಕಿಲ್‌ಗೆ ಎಂದಾಯಿತು.

ತನ್ನ ಸರದಿಗೆ ಮೊದಲೇ ಕಲಿಯಲೆಂದು ಅವನು ಹಾಲಿನ ಸುತ್ತು ಮುಗಿಸಿ ಮಧ್ಯಾಹ್ನ ಬರುತ್ತಿದ್ದ. ಮಗ್ಗದ ಬೆಂಚು ಒಬ್ಬರಿಗೆ ಸಾಕಷ್ಟು, ಇಬ್ಬರಿಗೆ ಸಾಲದಷ್ಟು. ಲಾಳಿ ಎಸೆಯಲು ಕಲಿಸುವಾಗ ಭುಜಕ್ಕೆ ಭುಜ ತಾಕುತ್ತಿತ್ತು. ಅವನ ಮೈಯಿಂದ ಹಾಲು, ಡೀಸೆಲ್, ತಂಪು ಗಾಳಿ, ಮೂರೂ ಸೇರಿದ ವಾಸನೆ ಬರುತ್ತಿತ್ತು. ಅದು ಇಷ್ಟೊಂದು ಹಿತವಾಗಿದೆಯಲ್ಲ ಎಂದು ರಗ್ನಾ ತನ್ನಷ್ಟಕ್ಕೆ ತಾನೇ ದಂಗಾಗುತ್ತಿದ್ದಳು.

“ಎಳೀಬೇಡ. ಎಳೆದಷ್ಟೂ ಅಂಚು ಒಳಕ್ಕೆ ಬರತ್ತೆ,” ಎನ್ನುತ್ತಿದ್ದಳು. ನೀವು ಹೋಗಿ ನೀನು ಬಂದದ್ದು ಯಾವಾಗ ಎಂದು ಇಬ್ಬರೂ ಗಮನಿಸಿರಲಿಲ್ಲ.

“ಸಡಿಲ ಬಿಟ್ರೆ?”

“ಬಿಟ್ರೂ ತಾನಾಗೇ ಕೂತ್ಕೊಳತ್ತೆ. ಸ್ವಲ್ಪ ನಂಬಬೇಕು.”

“ಯಾರನ್ನ?” ಎಂದು ಅವನು ಅವಳ ಕಡೆ ನೋಡಿದ. ಅವನ ಕಣ್ಣಿನ ಮೂಲೆಯಲ್ಲಿ ನಗು ಇತ್ತು. ಎಳೆ ಕೂರಿಸುವ ಹಣಿಗೆಯನ್ನು ರಗ್ನಾ ಬೇಕಾದದ್ದಕ್ಕಿಂತ ಜೋರಾಗಿ ಬಡಿದಳು. ಮೂಲೆಯಿಂದ ಮಾಯ್ಲಿಸ್, “ಮಗ್ಗ ಮುರೀಬೇಡ ಕಣೇ, ಅದೇನು ತಪ್ಪು ಮಾಡಿದೆ?” ಎಂದಳು.

ಒಂದು ವಿಷಯವನ್ನು ಮಾತ್ರ ರಗ್ನಾ ಅವನಿಗೆ ಹೇಳಿರಲಿಲ್ಲ. ಅವಳು ಅಡುಗೆ ಮಾಡುತ್ತಿದ್ದ ಊರಿನ ಶಾಲೆಯ ಅಡುಗೆಮನೆ ಬೇಸಿಗೆಯಲ್ಲಿ ಶಾಶ್ವತವಾಗಿ ಮುಚ್ಚಲಿತ್ತು. ಮುಂದೆ ಊಟ ವ್ಯಾನಿನಲ್ಲಿ ಬರುತ್ತದಂತೆ. ಯೇವ್ಲೆ ಪಟ್ಟಣದ ಒಂದು ದೊಡ್ಡ ಅಡುಗೆಮನೆಯಲ್ಲಿ ಅವಳಿಗೆ ಕೆಲಸ ಖಾತ್ರಿಯಾಗಿತ್ತು. ಈ ಜಮಖಾನೆ ಊರಿನಿಂದ ಒಯ್ಯುವ ಕೊನೆಯ ವಸ್ತುವಾಗಲಿ ಎಂದು, ತನ್ನ ಅಡುಗೆಮನೆಯ ಹಳದಿ ಪರದೆಗಳನ್ನೇ ಬಿಚ್ಚಿ ಪಟ್ಟಿ ಮಾಡಿ ಅದಕ್ಕೆ ಹಾಕುತ್ತಿದ್ದಳು. ಮಾಯ್ಲಿಸ್‌ಗೆ ಗೊತ್ತಿತ್ತು. ಬೇರೆ ಯಾರಿಗೂ ಇಲ್ಲ.

*

ಗುಟ್ಟು ಬಯಲು ಮಾಡಿದ್ದು ನಾಯಿ.

ಒಂದು ಮಧ್ಯಾಹ್ನ ರಗ್ನಾ ಶಾಲೆಯಿಂದ ಮನೆಗೆ ಬಂದರೆ ಅಡುಗೆಮನೆಯ ಬಾಗಿಲು ತೆರೆದಿತ್ತು. ನೆಲದ ತುಂಬ ಕೆಸರಿನ ಹೆಜ್ಜೆ. ಒಲೆಯ ಪಕ್ಕದ ಮರದ ಸೋಫಾದ ಮೇಲೆ ಲುಫ್ಸೆ ಕಾಲು ಚಾಚಿ ಗೊರಕೆ ಹೊಡೆಯುತ್ತಿತ್ತು. ಅವಳಿಗೆ ದಿಗಿಲಾದದ್ದು ಅದಕ್ಕಲ್ಲ. ನಾಯಿಯ ಬೆನ್ನಿನ ಮೇಲೆ ಅವಳ ಬೆಕ್ಕು ಮುರ್ರೆ ಮಲಗಿತ್ತು. ಪಶುವೈದ್ಯನ ಕೈಗೆ ಹೊಲಿಗೆ ಹಾಕಿಸಿದ ಬೆಕ್ಕು, ಅಂಚೆಯವನನ್ನು ಗೇಟಿನಿಂದಾಚೆಗೇ ನಿಲ್ಲಿಸಿದ ಬೆಕ್ಕು, ಈಗ ನಾಯಿಯ ಕಿವಿ ನೆಕ್ಕುತ್ತಿತ್ತು.

ಹಿಂದಿನಿಂದ ಎಸ್ಕಿಲ್ ಏದುಸಿರು ಬಿಡುತ್ತಾ ಬಂದ. ಈ ಪ್ರಾಣಿ ಬಾಗಿಲ ಹಿಡಿಯನ್ನು ಕಾಲಲ್ಲಿ ಒತ್ತಿ ತೆಗೆಯಲು ಕಲಿತಿದೆ, ಕ್ಷಮಿಸು ಎಂದು ಹೇಳುತ್ತಾ ಒಳಗೆ ಬಂದವನು ಅರ್ಧಕ್ಕೇ ನಿಂತ. ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು. ಕಿಟಕಿಗೆ ಪರದೆ ಇಲ್ಲ. ಒಂದು ಪೆಟ್ಟಿಗೆಯ ಬಾಯಿಂದ ತವೆಯ ಹಿಡಿ ಇಣುಕುತ್ತಿತ್ತು.

ಅಂಗಿ ಹರಿದ ದಿನವೂ ಅವನ ಮುಖ ಹಾಗೆ ಬಿಳಿಚಿಕೊಂಡಿರಲಿಲ್ಲ.

“ಎಲ್ಲಿಗೆ?”

ಅವಳು ಹೇಳಿದಳು. ಇನ್ನೆರಡು ದಿನಕ್ಕೆ ಮನೆ ನೋಡಲು ಯೇವ್ಲೆಗೆ ಹೋಗುತ್ತಿರುವುದನ್ನೂ ಹೇಳಿದಳು.

“ಮುರ್ರೆ?” ಎಂದ.

“ಅಲ್ಲಿ ಬೆಕ್ಕಿಗೆ ಜಾಗ ಇಲ್ಲ. ಮಾಯ್ಲಿಸ್ ನೋಡ್ಕೋತಾಳೆ.”

ರಗ್ನಾ ಕಾದಳು. ಹೋಗಬೇಡ ಎಂದು ಅವನು ಹೇಳಲಿ ಎಂದು ತಾನು ಇಷ್ಟೊಂದು ಕಾಯುತ್ತಿದ್ದೇನೆ ಎಂಬುದೇ ಆ ಕ್ಷಣದಲ್ಲಿ ಅವಳಿಗೆ ಗೊತ್ತಾದದ್ದು. ಎಸ್ಕಿಲ್ ಬೆಕ್ಕನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ನಿದ್ದೆಗಣ್ಣಿನ ನಾಯಿಯನ್ನು ಎತ್ತಿಕೊಂಡ. ಅಲ್ಲಿಯ ಕೆಲಸ ಒಳ್ಳೆಯದೇ ಇರಬೇಕು ಎಂದ. ಬಾಗಿಲನ್ನು ಎರಡು ಸಲ ಎಳೆದು ಸರಿಯಾಗಿ ಮುಚ್ಚಿ ಹೋದ.

ಮರುದಿನ ರಗ್ನಾ ಕೊನೆಯ ಹಳದಿ ಪಟ್ಟಿಯನ್ನು ಬಡಿದು ಕೂರಿಸಿ ತನ್ನ ಸರದಿ ಮುಗಿಸಿದಳು. ಉಳಿದ ಹಳದಿಯನ್ನು ಬುಟ್ಟಿಯಲ್ಲೇ ಬಿಟ್ಟಳು. ಎಸ್ಕಿಲ್‌ನ ಮುಖ ನೋಡದೆ, ಮೊದಲು ಗೇಣು ಬರಿನೂಲು, ನಡುವೆ ಕೆಂಪು, ಆಮೇಲೆ ನಿನ್ನ ಅಂಗಿ ಎಂದು ಹೇಳಿ ಕೆಂಪು ಉಂಡೆಯನ್ನು ಅವನ ಕೈಗೆ ಹಾಕಿದಳು. ಮಾರನೆಯ ಬೆಳಗಿನ ಬಸ್ಸಿಗೆ ಯೇವ್ಲೆಗೆ ಹೋದಳು.

ತಿರುಗಿ ಬಂದಾಗ ಅವನು ಮೊಳಕ್ಕಿಂತ ಹೆಚ್ಚು ನೇಯ್ದಿದ್ದ. ಶುರುವಿನದೆಲ್ಲ ದಿಂಡಿಗೆ ಸುತ್ತಿಹೋಗಿತ್ತು. ಅವಳು ಅಂಚು ತಿದ್ದಿಕೊಟ್ಟಳು, ಎಳೀಬೇಡ ಎಂದಳು. ಬೆಂಚಿನ ಮೇಲೆ ಮಾತ್ರ ಕೂರಲಿಲ್ಲ, ನಿಂತೇ ಹೇಳಿದಳು.

*

ಹಾಸು ಕತ್ತರಿಸುವ ದಿನ ಹೊರಗೆ ಹಿಮ ಕರಗಿ ಚರಂಡಿಗಳೆಲ್ಲ ಹರಿಯುತ್ತಿದ್ದವು. ಸರದಿಯ ಹೆಂಗಸರೆಲ್ಲ ಬಂದಿದ್ದರು. ಒಲೆಯ ಮೇಲೆ ಕಾಫಿ, ಮೇಜಿನ ಮೇಲೆ ಏಲಕ್ಕಿ ಬನ್ನು. ಅಕ್ಕ ಕೊಡಿಸಿದ ಹೊಸ ಅಂಗಿ ಹಾಕಿಕೊಂಡು ಎಸ್ಕಿಲ್ ಗೋಡೆಗೆ ಒರಗಿ ನಿಂತಿದ್ದ. ಅದನ್ನು ಮೆಟ್ಟಿಲ ಮೇಲೆ ಇಡಬೇಡಪ್ಪ ಎಂದು ಒಬ್ಬೊಬ್ಬರೂ ಒಂದೊಂದು ಸಲ ಹೇಳಿದ್ದಾಗಿತ್ತು. ರಗ್ನಾ ಸೋಮವಾರ ಯೇವ್ಲೆಯ ಮನೆ ಮಾಲೀಕರಿಗೆ ಫೋನ್ ಮಾಡಿ ಹೂಂ ಅನ್ನಬೇಕಿತ್ತು.

ಮಾಯ್ಲಿಸ್ ಮಗ್ಗದ ಮುಂದಿನ ನೂಲು ಕತ್ತರಿಸಿದಳು. ದಿಂಡು ತಿರುಗತೊಡಗಿತು. ಕೊನೆಗೆ ನೇಯ್ದದ್ದು ಮೊದಲು ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಎಸ್ಕಿಲ್‌ನದೇ ಮೊದಲು ಬಂತು. ನೀಲಿ ಚೌಕಳಿ, ಬಿಳಿ, ಮತ್ತೆ ನೀಲಿ. ಅಂಚು ನೇರವಾಗಿತ್ತು, ಪರವಾಗಿಲ್ವೇ ಎಂದರು. ಬಿಚ್ಚಿದಂತೆಲ್ಲ ಅವನ ಕೆಲಸ ಶುರುವಿನ ಕಡೆಗೆ ಹೋಗಿ ಕೆಡುತ್ತಾ ಬಂತು. ಅಂಚು ಒಳಕ್ಕೆ ಬಂದು ನಡು ಕಟ್ಟಿದ ಹಾಗಾಯಿತು. ಹೆಂಗಸರು ನಕ್ಕರು. ಇನ್ನೇನು ಕೆಂಪು ಬರಬೇಕು ಎಂದು ಮಾಯ್ಲಿಸ್ ಕತ್ತರಿ ಎತ್ತಿಕೊಂಡಳು.

ಕೆಂಪು ಬರಲಿಲ್ಲ.

ನೀಲಿಯ ನಡುವೆ ಒಂದು ಹಳದಿ ಎಳೆ ಬಂತು. ಮತ್ತೆ ನೀಲಿ. ಎರಡು ಹಳದಿ, ಒಂದು ನೀಲಿ. ಆಮೇಲೆ ಹಳದಿಯೇ ಹಳದಿ, ರಗ್ನಾಳ ಅಡುಗೆಮನೆಯ ಪರದೆ, ಅವಳ ನೇರ ಅಂಚು. ಬರಿನೂಲಿಲ್ಲ, ಗಡಿಯಿಲ್ಲ. ಅವಳದು ಎಲ್ಲಿ ಮುಗಿಯಿತು, ಅವನದು ಎಲ್ಲಿ ಶುರುವಾಯಿತು ಎಂದು ನೇಯ್ದವಳಿಗೇ ಹೇಳಲಾಗುವಂತಿರಲಿಲ್ಲ.

ಕಾಫಿ ಕಪ್ಪುಗಳು ಅಲ್ಲಲ್ಲೇ ನಿಂತವು. ಅಷ್ಟು ಕಾಲದಿಂದ ಮಗ್ಗ ನಡೆಸಿದ ಮಾಯ್ಲಿಸ್ ಕತ್ತರಿಯನ್ನು ಹಿಡಿದ ಹಾಗೇ ಹಿಡಿದು ಬೆರಗಾಗಿ ನಿಂತಳು. “ಇಲ್ಲಿ ಕತ್ತರಿ ಹಾಕಿದ್ರೆ ಎರಡೂ ಬಿಚ್ಚಿಹೋಗತ್ತೆ,” ಎಂದಳು ಕೊನೆಗೆ. “ಎಲ್ಲಿ ಕತ್ತರಿಸ್ಲಿ?”

ಪಾಪ, ಹೊಸಬ, ಮರೆತಿದ್ದಾನೆ ಎಂದುಕೊಂಡಳು ರಗ್ನಾ. ಹಾಗೆ ಅಂದುಕೊಂಡ ಕೂಡಲೇ ಏನೋ ಕಳೆದುಕೊಂಡಂತಾಯಿತು. ಮಾಯ್ಲಿಸ್‌ಗೂ ಅವನ ಮೇಲೆ ಕರುಣೆ ಬಂದಿರಬೇಕು. ಒಲೆಯ ಬಳಿ ಮಲಗಿದ್ದ ಲುಫ್ಸೆಯ ಕಡೆ ನೋಡಿ, ಕೆಂಪು ಉಂಡೆಯನ್ನು ಈ ನಾಯಿಯೇ ಎತ್ತಿಕೊಂಡು ಹೋಗಿರುತ್ತೆ ಬಿಡು ಎಂದಳು.

“ಇಲ್ಲ,” ಎಂದ ಎಸ್ಕಿಲ್.

ಅವನು ಪ್ಯಾಂಟಿನ ಜೇಬಿಗೆ ಕೈಹಾಕಿ ಉಂಡೆಯನ್ನು ತೆಗೆದು ಮೇಜಿನ ಮೇಲೆ, ಬನ್ನಿನ ತಟ್ಟೆಯ ಪಕ್ಕದಲ್ಲಿ ಇಟ್ಟ.

“ನಿನ್ನ ಮನೇಲಿ ಪೆಟ್ಟಿಗೆ ನೋಡಿದಾಗ ಹೇಳಬೇಕಿತ್ತು. ಬಾಯಿ ಬರಲಿಲ್ಲ,” ಎಂದ. “ಮಗ್ಗದ ಮುಂದೆ ಕೂತೆ. ಕೆಂಪು ಹಾಕೋಕೆ ಕೈ ಬರಲಿಲ್ಲ.”

ರಗ್ನಾ ಜಮಖಾನೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. “ಇಷ್ಟುದ್ದ ನನ್ನ ಅಡುಗೆಮನೇಲಿ ಹಿಡಿಯಲ್ಲ.”

“ನಂದರಲ್ಲಿ ಹಿಡಿಯತ್ತೆ. ಬಾಗಿಲಿಂದ ಒಲೆವರೆಗೆ. ಅಳತೆ ತಗೊಂಡಿದೀನಿ.”

ಅವಳು ಮಾಯ್ಲಿಸ್‌ಳ ಕೈಯಿಂದ ಕತ್ತರಿ ತೆಗೆದುಕೊಂಡಳು. ಅವಳು ದಿಂಡನ್ನು ತಾನೇ ತಿರುಗಿಸುತ್ತಾ ಹೋದಳು. ಹಳದಿ ಹರಿದು ಬಂತು, ಪರದೆಗೂ ಮೊದಲು ಅವಳು ನೇಯ್ದಿದ್ದ ಬೂದು ಬಂತು, ಹಸಿರು ಬಂತು. ಕೊನೆಗೆ ತನ್ನ ಜಮಖಾನೆಗೂ ಮಾಯ್ಲಿಸ್‌ಳದಕ್ಕೂ ನಡುವೆ ತಾನೇ ಹಾಕಿದ್ದ ಕೆಂಪು ಕಂಡಿತು. ಅಲ್ಲಿ ಕತ್ತರಿಸಿದಳು.

ಆಮೇಲೆ ಇಬ್ಬರೂ ನೆಲದ ಮೇಲೆ ಮಂಡಿಯೂರಿ ಕುಚ್ಚು ಕಟ್ಟಿದರು, ಅವಳು ನೀಲಿಯ ತುದಿಯಲ್ಲಿ, ಅವನು ಹಸಿರಿನ ತುದಿಯಲ್ಲಿ. ಗಂಟು ತುಂಬ ಬಿಗಿಯಾಯಿತು, ಎಳೀಬೇಡ ಎಂದು ಅವಳು ಅಲ್ಲಿಂದಲೇ ಹೇಳಿದಳು. ಹೆಂಗಸರು ಅಂತೂ ಕಾಫಿ ಕುಡಿಯಲು ಶುರುಮಾಡಿದರು.

ಸುತ್ತಿದ್ದರೆ ಒಬ್ಬರೇ ಹೊತ್ತೊಯ್ಯಬಹುದಿತ್ತು. ಯಾರೂ ಸುತ್ತಲಿಲ್ಲ. ಉದ್ದಕ್ಕೆ ಮಡಿಸಿ ಹೆಗಲ ಮೇಲೆ ಹಾಕಿಕೊಂಡು ರಗ್ನಾ ಮುಂದೆ, ಎಸ್ಕಿಲ್ ಹಿಂದೆ ನಡೆದರು. ನಡುವೆ ಜೋತಾಡುವ ಜಮಖಾನೆಯ ಕೆಳಗೆ ಲುಫ್ಸೆ. ದಾರಿಯಲ್ಲಿ ಮೊದಲು ಬರುವುದು ರಗ್ನಾಳ ಮನೆ, ಎಸ್ಕಿಲ್‌ನದು ಇನ್ನೂ ಮುಂದೆ. ಗೇಟಿನ ಕಂಬದ ಮೇಲೆ ಮುರ್ರೆ ಕೂತಿತ್ತು. ಅವಳು ಅಲ್ಲಿ ತಿರುಗುತ್ತಾಳೆ, ಎರಡು ದಿನ ಯೋಚಿಸುತ್ತೇನೆ ಎನ್ನುತ್ತಾಳೆ ಎಂದು ಎಸ್ಕಿಲ್ ಆಗಲೇ ನಡಿಗೆ ನಿಧಾನ ಮಾಡಿದ್ದ.

ಹೆಗಲ ಮೇಲಿನ ಜಮಖಾನೆ ಅವನನ್ನು ಮುಂದಕ್ಕೆ ಎಳೆಯಿತು. ರಗ್ನಾ ಗೇಟಿನ ಮುಂದೆ ನಿಲ್ಲದೆ ನಡೆದಿದ್ದಳು.

ಅವನು ತಬ್ಬಿಬ್ಬಾಗಿ ಎರಡು ಹೆಜ್ಜೆ ಎಡವಿದ. ಕಂಬದಿಂದ ಬೆಕ್ಕು ಧೊಪ್ಪೆಂದು ಕೆಳಗೆ ಹಾರಿದ ಸದ್ದು ಹಿಂದಿನಿಂದ ಕೇಳಿಸಿತು.

“ಹಿಂದೆ ಬೀಳ್ಬೇಡ,” ಎಂದಳು ರಗ್ನಾ, ತಿರುಗಿ ನೋಡದೆ. “ಭಾರ ಎಲ್ಲಾ ನನ್ನ ಮೇಲೇ ಬರತ್ತೆ.”