ಕೆಂಪಾಗದ ಚೀಟಿ

ಬಂದರಿನ ವ್ಯವಹಾರ ಬಲ್ಲವರು ಇದನ್ನು ಇನ್ನೂ ಚೆನ್ನಾಗಿ ಹೇಳಿಯಾರು. ಅವರು ಸುಮ್ಮನಿದ್ದಾರೆಂದೇ ಈ ಧೈರ್ಯ, ತಪ್ಪಿದ್ದರೆ ಮನ್ನಿಸಬೇಕು.

ಆಗಸ್ಟ್ ತಿಂಗಳ ಬೆಳಿಗ್ಗೆ, ಕೊಲ್ಲಿಯ ಆ ಬಂದರಿನ ಉಗ್ರಾಣದಲ್ಲಿ ಪೆಟ್ಟಿಗೆ ತೆರೆದು, ಒಳಗಿನ ಬೆಳ್ಳಿಬಣ್ಣದ ಚೀಲ ಕತ್ತರಿಸಿದಾಗ ಸಿಕ್ಕಿದ್ದು ಕಬ್ಬಿಣದ ತುಂಡುಗಳು. ಜೊತೆಗೆ ನೀಲಿ ಚುಕ್ಕೆಯ ಒಂದು ಚೀಟಿ. ತನಿಖಾಧಿಕಾರಿ ಶಮ್ಮಾ ಎಲ್ಲದರ ಚಿತ್ರ ತೆಗೆದು, ಚೀಟಿಯನ್ನು ಮೇಜಿನ ಮೇಲಿಟ್ಟಳು.

ಇರಬೇಕಾಗಿದ್ದು ನಾಲ್ಕು ಒತ್ತಡಮಾಪಕಗಳು. ಔಷಧ ಕಾರ್ಖಾನೆಗೂ ಬೇಕು, ಬಾಂಬಿಗೆಂದು ಯುರೇನಿಯಂ ಹದಗೊಳಿಸುವವರಿಗೂ ಬೇಕು. ಆದ್ದರಿಂದಲೇ ಪರವಾನಗಿ ಇಲ್ಲದೆ ಅವು ದೇಶ ದಾಟುವಂತಿಲ್ಲ.

ಮುಂಬದಿಯ ತನಿಖಾ ಮುದ್ರೆ ಒಡೆದಿರಲಿಲ್ಲ. ಹಿಂಬದಿಯ ಹಲಗೆಯ ಮೊಳೆಗಳು ಮಾತ್ರ ಸಡಿಲ.

ರಫ್ತುದಾರರ ಏಜೆಂಟ್ ರಾಗಿಬ್ ಕಾವಲುಗಾರ ಖಲ್ಫಾನನತ್ತ ಕೈ ತೋರಿಸಿದ. ಬೇಸಿಗೆಯಲ್ಲಿ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಿನ ಕೆಲಸ ನಿಷಿದ್ಧ. ಆಗ ಇಲ್ಲಿ ಉಳಿಯುವವನು ಈ ಮುದುಕನೊಬ್ಬನೇ.

"ಚೀಲ ಬಿಚ್ಚಿ, ಕದ್ದು, ಮತ್ತೆ ಬೆಸೆದಿದ್ದಾನೆ. ಕಾಫಿ ಕಾಯಿಸೋ ಕೈಗೆ ಅಷ್ಟು ಬರಲ್ವಾ?"

"ನನ್ನ ಕಾಫಿ ಎರಡು ಸಲ ಕುಡಿದ್ಯಲ್ಲಪ್ಪ ನಿನ್ನೆ," ಎಂದ ಖಲ್ಫಾನ್.

ಮೇಲಧಿಕಾರಿ ಸುಹೈಲ್ ಆಗಲೇ ಪೊಲೀಸರಿಗೆ ಹೇಳಿಕಳುಹಿಸಿದ್ದ. ಕಳ್ಳತನವೆಂದು ಬರೆದರೆ ಕಡತ ಮುಗಿಯುತ್ತದೆ, ಸಹಿ ಹಾಕು ಎಂದ.

"ಹಾಕಲ್ಲ," ಎಂದಳು ಶಮ್ಮಾ.

"ಯಾಕೆ?"

"ಆ ಚೀಟಿ ನೋಡಿ, ಸರ್."

ಮೇಜಿನ ಮೇಲಿನ ಚುಕ್ಕೆ ಕೆಂಪಾಗಿತ್ತು. ತೇವ ತಾಗಿದರೆ ಅದು ಕೆಂಪಾಗುತ್ತದೆ. ಒಮ್ಮೆ ಕೆಂಪಾದರೆ ಮತ್ತೆ ನೀಲಿಯಾಗದು. ಶಮ್ಮಾ ತೆಗೆದ ಚಿತ್ರದಲ್ಲಿ ಮಾತ್ರ ಅಚ್ಚ ನೀಲಿ.

"ಕತ್ತರಿಸಿ ಒಂದು ಗಂಟೆಯೂ ಆಗಿಲ್ಲ. ಈ ಉಗ್ರಾಣದಲ್ಲಿ ಅಂಗಿ ಹಿಂಡಿದ್ರೆ ನೀರು ಬರುತ್ತೆ. ಅಜ್ಜ ಇಲ್ಲಿ ಚೀಲ ಬಿಚ್ಚಿದ್ರೆ, ಚುಕ್ಕೆ ಆಗಲೇ ಕೆಂಪಾಗಿರಬೇಕಿತ್ತು. ಕಬ್ಬಿಣ ತುಂಬಿದ್ದು ತಣ್ಣನೆಯ, ಒಣಗಿದ ಕೋಣೇಲಿ—ರಾಗಿಬ್, ನಿಮ್ಮ ಕಚೇರಿ ಹಾಗೇ ಇದೆ ಅಲ್ವಾ? ಪರವಾನಗಿ ಸಿಗಲ್ಲ ಅಂತ ಗೊತ್ತಿತ್ತು. ಮಾಪಕ ಇಲ್ಲೇ ಕಾಯ್ತಿದೆ ಅಂತ ತೋರಿಸೋಕೆ ಈ ಪೆಟ್ಟಿಗೆ ಇಟ್ಟು, ಅವನ್ನ ಬೇರೆ ದಾರೀಲಿ ಕಳಿಸಿದ್ರಿ. ಪೆಟ್ಟಿಗೆ ತೆರೀತೀವಿ ಅಂತ ಗೊತ್ತಾದಾಗ, ನಿನ್ನೆ 'ನೋಡ್ಕೊಂಡು ಹೋಗ್ತೀನಿ' ಅಂತ ಬಂದು ಮೊಳೆ ಸಡಿಲಿಸಿದ್ರಿ."

ರಾಗಿಬ್ ನಕ್ಕ. "ಹಾಗಾದ್ರೆ ಕಬ್ಬಿಣಕ್ಕೆ ಮುದ್ರೆ ಒತ್ತಿದ ಬುದ್ಧಿವಂತರು ಯಾರಮ್ಮ?"

ಮೂರು ದಿನದ ಹಿಂದೆ, ಹನ್ನೆರಡೂವರೆಗೆ ಐದು ನಿಮಿಷವಿದ್ದಾಗ, ಕೂಲಿಗಳು ಬಿಸಿಲಿನಿಂದ ಒಳಹೋಗಲೆಂದು ತೂಕವಷ್ಟೇ ನೋಡಿ ಮುದ್ರೆ ಒತ್ತಿದ್ದು ಅವಳೇ.

"ನಾನೇ," ಎಂದಳು.

"ಅದನ್ನ ಬರೆದ್ರೆ ಕೆಲಸ ಹೋಗುತ್ತೆ, ಶಮ್ಮಾ," ಎಂದ ಸುಹೈಲ್ ತಗ್ಗಿದ ದನಿಯಲ್ಲಿ.

"ಮೊದಲನೇ ಸಾಲಲ್ಲೇ ಬರೀತೀನಿ ಸರ್. ಎರಡನೇದ್ರಲ್ಲಿ ಇವರ ಹೆಸರು."

ಅವಳು ನಿಂತೇ ಬರೆದಳು. ಪೊಲೀಸರು ಬಂದು ಕರೆದೊಯ್ದದ್ದು ರಾಗಿಬನನ್ನು. ಖಲ್ಫಾನ್ ಅವಳ ಮುಂದೆ ಕಾಫಿಯ ಬಟ್ಟಲಿಟ್ಟ.

ಅವಳ ಕೆಲಸ ಹೋಯಿತು. ಆ ನಾಲ್ಕು ಮಾಪಕಗಳು ಯಾವ ಹಡಗೇರಿದವು, ಈಗ ಯಾರ ಕೈಯಲ್ಲಿವೆ—ಅದು ಇವತ್ತಿಗೂ ಗೊತ್ತಿಲ್ಲ.