ಸೊಟ್ಟ ಚಿಲಕ

"ಚಿಲಕ ಇಲ್ಲ!"

ಬಡಗಿಯ ಕೂಗಿಗೆ ಸ್ಟುಡಿಯೋದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬೆಳಗಿನ ಮೊದಲ ಶಾಟ್‌ಗೆ ದೀಪಗಳು ಉರಿಯುತ್ತಿದ್ದವು. ಸ್ಫೋಟದ ನಂತರದ ದೃಶ್ಯ. ಬಸ್ ನಿಲ್ದಾಣದ ಹಿಂಬಾಗಿಲು ಮಸಿ ಬಳಿಸಿಕೊಂಡು, ಅಲ್ಲಲ್ಲಿ ಸೀಳಿಸಿಕೊಂಡು ಸಿದ್ಧವಾಗಿ ನಿಂತಿತ್ತು. ಒಳಬದಿಯಲ್ಲಿ ಚಿಲಕವಿರಬೇಕಾದ ಕಡೆ ಬರೀ ಸ್ಕ್ರೂ ತೂತುಗಳು.

"ಗೇಟಿನ ಹತ್ರ ದಿನಾ ನಿಲ್ತಾಳಲ್ಲ, ಅವಳದೇ ಕೆಲಸ," ಎಂದು ನಿರ್ದೇಶಕ ಹಾರಾಡಿದ. "ಪೊಲೀಸರನ್ನ ಕರೀರಿ!"

"ಕರೆಯೋದು ಇದ್ದೇ ಇದೆ. ಮೊದಲು ನಾನೊಂದು ಸಲ ನೋಡ್ತೀನಿ," ಎಂದು ಇನ್ಸ್‌ಪೆಕ್ಟರಮ್ಮ ಮೂಲೆಯ ಕುರ್ಚಿಯಿಂದ ಎದ್ದರು.

ನಿವೃತ್ತರಾದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಪಿಸ್ತೂಲು ಹಿಡಿಯುವುದು ಹೇಗೆ, ಸೆಲ್ಯೂಟ್ ಹೊಡೆಯುವುದು ಹೇಗೆ ಎಂದು ನಟರಿಗೆ ಹೇಳಿಕೊಡಲು ಧಾರಾವಾಹಿಯವರು ಅವರನ್ನು ಕರೆಸಿಕೊಂಡಿದ್ದರು. ಅವರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಆ ಮಾತು ಬೇರೆ.

ಉಗ್ರರನ್ನು ಬೇಟೆಯಾಡುವ ಧಾರಾವಾಹಿ. ಅದರ ಕೊನೆಯ ಕಂತು ಮಾತ್ರ ನಿಜವಾಗಿ ನಡೆದದ್ದು. ಕೆಲವು ವರ್ಷಗಳ ಹಿಂದೆ ಬಸ್ ನಿಲ್ದಾಣದ ಹಜಾರದಲ್ಲಿ ಬಾಂಬಿದ್ದ ಚೀಲ ಸಿಕ್ಕಿತ್ತು. ಭದ್ರತಾ ಅಧಿಕಾರಿ ಅದನ್ನು ಹಿಂದಿನ ಅಂಗಳಕ್ಕೆ ಒಯ್ದಿಟ್ಟು ನೂರಾರು ಜನರನ್ನು ಉಳಿಸಿದರು ಎಂದು ಪೇಪರಿನಲ್ಲಿ ಬಂತು. ಸರ್ಕಾರ ಪದಕ ಕೊಟ್ಟಿತು, ಜನ "ಪದಕದ ಸಾಹೇಬ್ರು" ಎಂದು ಹೆಸರಿಟ್ಟರು. ಸತ್ತವಳು ಒಬ್ಬಳೇ, ನಿಲ್ದಾಣದ ನೆಲ ಒರೆಸುತ್ತಿದ್ದ ಹೆಂಗಸು. ಉಗ್ರರಿಗೆ ಚೀಲ ಒಳತಂದು ಕೊಟ್ಟವಳೇ ಅವಳು ಎಂದು ಸಾಹೇಬರು ಹೇಳಿಕೆ ಕೊಟ್ಟಿದ್ದರು. ಬೇರೆ ಯಾರೂ ಸಿಕ್ಕಲಿಲ್ಲ. ಸತ್ತವಳಿಗೆ ಬಾಯಿಲ್ಲವಲ್ಲ, ಅವಳ ತಲೆಗೇ ಕಟ್ಟಿ ಕಡತ ಮುಚ್ಚಿದರು.

ಗೇಟಿನ ಹತ್ತಿರ ನಿಲ್ಲುತ್ತಿದ್ದವಳು ಅವಳ ಮಗಳು. ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕಿ ಹೊಟ್ಟೆ ಹೊರೆಯುವವಳು.

"ಚಿಲಕ ನೀನು ತೆಗ್ದೆಯೇನಮ್ಮ?"

"ಯಾವ ಚಿಲಕ?" ಹುಡುಗಿ ಇನ್ಸ್‌ಪೆಕ್ಟರಮ್ಮನನ್ನು ದುರುಗುಟ್ಟಿ ನೋಡಿದಳು. "ನನ್ನನ್ನ ಒಳಗೆ ಬಿಟ್ಟಿದ್ರೆ ಸೆಟ್ಟಿಗೇ ಬೆಂಕಿ ಇಡ್ತಿದ್ದೆ. ಚಿಲಕ ತಗೊಂಡು ಎಲ್ಲಿಗೆ ಹಾಕ್ಲಿ, ಮನೆ ಬಾಗಿಲಿಗಾ? ಉಗ್ರಗಾಮಿ ಮಗಳಿಗೆ ಬಾಡಿಗೆ ಮನೆ ಯಾರು ಕೊಡ್ತಾರೆ?"

ಇನ್ಸ್‌ಪೆಕ್ಟರಮ್ಮನಿಗೆ ಆ ಸ್ಕ್ರೂ ತೂತುಗಳು ನೆನಪಾದವು. ಕೋಪವಿದ್ದವರು ಬಾಗಿಲು ಒಡೆಯುತ್ತಾರೆ, ದೀಪ ಪುಡಿ ಮಾಡುತ್ತಾರೆ. ಇದು ಸ್ಕ್ರೂ ತಿರುಗಿಸಿ ಜೋಪಾನವಾಗಿ ಬಿಚ್ಚಿದ ಕೆಲಸ. ಕಳ್ಳನಿಗೆ ಬೇಕಾಗಿದ್ದದ್ದು ಚಿಲಕವೊಂದೇ. ಯಾಕೆ?

"ನನ್ ಜೊತೆ ಬಾ," ಎಂದು ಅವಳನ್ನೂ ಒಳಗೆ ಕರೆದುಕೊಂಡು ಬಂದರು.

ಬಡಗಿಯನ್ನು ಸೆಟ್ಟಿನಲ್ಲಿ ಎಲ್ಲರೂ ಗೊಣಗಣ್ಣ ಎನ್ನುತ್ತಿದ್ದರು. ಕಾರಣ ಹೇಳಬೇಕಾಗಿಲ್ಲ.

"ಆ ಚಿಲಕದಲ್ಲಿ ಏನಪ್ಪ ವಿಶೇಷ?"

"ಏನೂ ಇಲ್ಲ, ಸೊಟ್ಟಗಿತ್ತು. ಹುಟ್ಟಾ ಸೊಟ್ಟ ಅಲ್ಲ, ನಾನೇ ಸುತ್ತಿಗೇಲಿ ಬಡಿದು ಬಗ್ಗಿಸಿದ್ದು. ಪೇಪರಿನ ಹಳೇ ಫೋಟೋದಲ್ಲಿ ಹಂಗೇ ಇತ್ತು. ನಿನ್ನೆ ಪದಕದ ಸಾಹೇಬ್ರು ಬಂದು, ನೇರವಾದ್ದು ಹಾಕು ಅಂದ್ರು. ಡೈರೆಕ್ಟರು, ಫೋಟೋ ಹೆಂಗಿದ್ಯೋ ಹಂಗೇ ಇರ್ಲಿ ಅಂದ್ರು. ನಾನು ಯಾರ ಮಾತು ಕೇಳ್ಲಿ, ನೀವೇ ಹೇಳಿ?"

"ಫೋಟೋ ಇದೆಯಾ?"

ಗೊಣಗಣ್ಣ ಫೋನು ಚಾಚಿದ. ಇನ್ಸ್‌ಪೆಕ್ಟರಮ್ಮ ಚಿತ್ರವನ್ನು ದೊಡ್ಡದು ಮಾಡಿದರು — ಮತ್ತೂ ದೊಡ್ಡದು ಮಾಡಿದರು. ಅವರ ಮುಖ ಗಂಟಿಕ್ಕಿತು.

ಅಷ್ಟರಲ್ಲಿ ಸಾಹೇಬರ ಕಾರು ಬಂತು. ಅವರು ಈ ಕಂತಿನ ಸಲಹೆಗಾರರೂ ಹೌದು.

"ಬನ್ನಿ ಸಾರ್. ರಾತ್ರಿ ಯಾರೋ ನಮ್ಮ ಬಾಗಿಲನ್ನ ಹಾಳು ಮಾಡಿದ್ದಾರೆ."

"ಅಯ್ಯೋ, ಒಂದು ಚಿಲಕಕ್ಕೆ ಯಾಕಿಷ್ಟು ಗಲಾಟೆ! ಬೇರೆ ಹಾಕಿಸಿದ್ರಾಯ್ತು."

"ಸರಿ ಬಿಡಿ. ಆವತ್ತು ಈ ಬಾಗಿಲು ಹೇಗಿತ್ತು?"

"ತೆರೆದಿತ್ತು. ಚೀಲ ಹೊರಗಿಟ್ಟು ನಾನು ವಾಪಸ್ ಓಡಿ ಬರ್ತಿದ್ದೆ. ಹೊಸಿಲ ಹತ್ರ ಬರೋಷ್ಟರಲ್ಲಿ ಸಿಡೀತು. ನೋಡಿ, ಈ ತೋಳಿನ ಗಾಯ ಆಗಿಂದೇ."

"ಆ ಹೆಂಗಸು?"

"ಅಂಗಳದಲ್ಲೇ ನಿಂತಿದ್ಲು."

"ಹಜಾರದಲ್ಲಿ?"

"ಯಾರೂ ಇಲ್ಲ. ಎಲ್ಲರನ್ನೂ ಮುಂದಿನ ಬಾಗಿಲಿಂದ ಕಳಿಸಾಗಿತ್ತು."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಿ, ಸಾರ್," ಎಂದರು ಇನ್ಸ್‌ಪೆಕ್ಟರಮ್ಮ ಮೆತ್ತಗೆ. "ಬಾಗಿಲು ಹಾಳಾಯ್ತು ಅಂದೆ ಅಷ್ಟೆ. ಚಿಲಕದ ಹೆಸರು ಎತ್ತಿದ್ದು ನೀವು."

ಸಾಹೇಬರು ನಗಲು ನೋಡಿದರು. ನಗು ಬರಲಿಲ್ಲ.

"ಈ ಫೋಟೋನ ಊರೆಲ್ಲ ನೋಡಿದೆ. ರಕ್ತ ನೋಡಿದ್ರು, ಮಸಿ ನೋಡಿದ್ರು. ಚಿಲಕ ಯಾರೂ ನೋಡ್ಲಿಲ್ಲ. ತೆಗೆದಿಟ್ಟ ಚಿಲಕದ ಸರಳು ತನ್ನ ಗೂಡಿನೊಳಗೆ ಇರುತ್ತೆ, ಅದು ಬಗ್ಗಲ್ಲ. ಇಲ್ಲಿ ಸರಳು ಹೊರಗೆ ಚಾಚಿ ಬಗ್ಗಿದೆ. ತುದೀಲಿ ನೋಡಿ — ಚೌಕಟ್ಟಿನಿಂದ ಕಿತ್ತು ಬಂದ ಕೊಂಡಿ ಇನ್ನೂ ಸಿಕ್ಕಿಕೊಂಡಿದೆ. ಅಂದ್ರೆ ಬಾಂಬು ಸಿಡಿದಾಗ ಬಾಗಿಲು ಮುಚ್ಚಿತ್ತು. ಒಳಗಿಂದ ಚಿಲಕ ಬಿದ್ದಿತ್ತು. ಒಳಗೆ ಇದ್ದವರು ಯಾರು? ಯಾರೂ ಇಲ್ಲ ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಉಳಿದವರು ನೀವೊಬ್ರೇ. ಚೀಲ ಹೊತ್ಕೊಂಡು ಹೊರಗೆ ಹೋದವಳು ಅವಳು. ಚಿಲಕ ಹಾಕಿದವರು ನೀವು. ನಿನ್ನೆ ರಾತ್ರಿ ಅದನ್ನ ಬಿಚ್ಚಿದವರೂ ನೀವೇ."

ಸಾಹೇಬರು ಸೆಟ್ಟಿನ ಬೆಂಚಿನ ಮೇಲೆ ಕುಸಿದರು. "ನನ್ನ ಕಾಲೇ ಏಳ್ಲಿಲ್ಲ," ಎಂದರು. "ಚೀಲದೊಳಗಿಂದ ಟಿಕ್ ಟಿಕ್ ಅಂತಿತ್ತು. ಮುಂದಿನ ಬಾಗಿಲಲ್ಲಿ ಇನ್ನೂ ನೂಕುನುಗ್ಗಲು, ಮಕ್ಕಳು. ಅವಳು ಒರೆಸೋ ಕೋಲು ಬಿಸಾಕಿ ಚೀಲ ಎತ್ತಿಕೊಂಡ್ಲು. ಬಾಗಿಲು ತೆಗೀರಿ ಅಂದ್ಲು, ತೆಗೆದೆ. ಆಮೇಲೆ... ಕೈ ತಾನಾಗೇ ಹಾಕಿಬಿಡ್ತು. ಗಾಯ ಬಾಗಿಲ ಮೇಲಿನ ಗಾಜಿಂದು. ಆಸ್ಪತ್ರೇಲಿ ಎಚ್ಚರ ಆದಾಗ ಎಲ್ಲರೂ ನನ್ನನ್ನೇ ಹೊಗಳ್ತಿದ್ರು."

"ಹೊಗಳಿಸಿಕೊಂಡ್ರಿ, ಅದು ಹಾಳಾಗಿ ಹೋಗ್ಲಿ. ಅವಳನ್ನ ಉಗ್ರಗಾಮಿ ಯಾಕೆ ಮಾಡಿದ್ರಿ?"

"ಅವಳು ಅಂಗಳದಲ್ಲಿ ಯಾಕಿದ್ಲು ಅಂತ ಕೇಳಿದ್ರು. ಏನಾದ್ರೂ ಹೇಳ್ಬೇಕಿತ್ತು."

ಇನ್ಸ್‌ಪೆಕ್ಟರಮ್ಮ ತಮ್ಮ ಹಳೆಯ ಠಾಣೆಗೆ ಫೋನು ಹಚ್ಚಿದರು. ನಿರ್ದೇಶಕನೂ ಆಚೆ ಹೋಗಿ ಚಾನೆಲ್ಲಿಗೆ ಫೋನು ಹಚ್ಚಿದ. ಅವನ ದನಿ ಇಲ್ಲಿಗೇ ಕೇಳುತ್ತಿತ್ತು. "ಹೀರೋ ಪೋಸ್ಟರು ಊರೆಲ್ಲ ಅಂಟಿಸಾಗಿದೆ ಸಾರ್, ಈಗೇನು ಮಾಡೋಕಾಗುತ್ತೆ... ಹೂಂ, ಆ ಹೆಂಗಸಿನ ಪಾತ್ರಾನೇ ಕತ್ತರಿಸಿಬಿಡ್ತೀನಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಮಗಳು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಸಾಹೇಬರ ಎದುರು ಬಂದು ನಿಂತಳು.

"ಕ್ಷಣದಲ್ಲಿ ಪ್ರಾಣ ಹೋಯ್ತು, ಅಮ್ಮನಿಗೆ ಗೊತ್ತೇ ಆಗಿರಲ್ಲ ಅಂತ ಹೇಳಿದ್ರು ನಂಗೆ. ನಿಜವಾ?"

ಸಾಹೇಬರು ತೋಳಿನ ಗಾಯವನ್ನು ಅಂಗೈಯಿಂದ ಮುಚ್ಚಿಕೊಂಡರು.

"ಹೇಳಿ. ವಾಪಸ್ ಬಂದ್ಲಾ? ಬಾಗಿಲ ತನಕ ಬಂದ್ಲಾ?"

"ಬಂದ್ಲು. ಬಾಗಿಲು ಬಡಿದ್ಲು."

"ಏನಂದ್ಲು?"

"'ಸಾರ್, ದೂರ ಇಟ್ಟು ಬಂದೆ ಸಾರ್. ಸ್ವಲ್ಪ ಬಾಗಿಲು ತೆಗೀರಿ ಸಾರ್' ಅಂದ್ಲು."

"ಆಗಲೂ ಸಾರ್ ಅಂದ್ಲಾ?"

"ಹೂಂ."

ಹುಡುಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಇನ್ಸ್‌ಪೆಕ್ಟರಮ್ಮ ಅವಳ ಭುಜ ಮುಟ್ಟಲು ಹೋದರು. ಅವಳು ಕೊಡವಿಕೊಂಡಳು.