ಮಗ್ಗದ ಕುಣಿಯಲ್ಲಿ ನಿಂತ ನೀರು

ಬೆಳಿಗ್ಗೆ ಎಂಟಕ್ಕೆ ಬರುತ್ತೇನೆಂದಿದ್ದ ಇಂಜಿನ್ನಿನವನು ಹನ್ನೊಂದಾದರೂ ಬಂದಿರಲಿಲ್ಲ.

ವಿಜಯಕುಮಾರಿ ಬಿದ್ದ ಗೋಡೆಯ ಮೇಲೆ ಕೂತು ತನ್ನ ಮನೆಯ ಮಗ್ಗದ ಕುಣಿಯನ್ನೇ ನೋಡುತ್ತಿದ್ದಳು. ನೇಯುವವರು ಕಾಲು ಇಳಿಬಿಟ್ಟು ಕೂರುವ ಆ ಕುಣಿಯ ತುಂಬ ಕೆಂಪು ಕೆಸರುನೀರು. ಹದಿನೆಂಟು ದಿನವಾದರೂ ಇಂಗಿರಲಿಲ್ಲ.

ಚಂಡಮಾರುತ ಎದ್ದದ್ದು ಎಲ್ಲೋ ಕಡಲಲ್ಲಿ. ಕಡಲನ್ನೇ ಕಾಣದ ಈ ನೇಕಾರರ ಬೀದಿಗೆ, ತಮಿಳುನಾಡಿನ ಉಡುಮಲೈಪೇಟೆಯಿಂದ ಆರು ಮೈಲಿ ದೂರದ ಈ ಮೂಲೆಗೆ, ಅದು ಮೂರು ದಿನದ ಮಳೆಯಾಗಿ ಬಂತು. ಮೂರನೆಯ ಮಧ್ಯಾಹ್ನ ಮೇಲಿನ ಕೆರೆ ಒಡೆದು ಹಳ್ಳ ಬೀದಿಗೆ ನುಗ್ಗಿತು. ಜನವೆಲ್ಲ ಗುಡ್ಡದ ಮೇಲಿನ ಶಾಲೆಗೆ ಹತ್ತಿ ಬದುಕಿಕೊಂಡರು. ಉಳಿಯದವರು ಇಬ್ಬರೇ: ವಿಜಿಯ ತಾಯಿ ನಾಚಿಯಮ್ಮ, ಹಾಸಿಗೆ ಹಿಡಿದಿದ್ದ ಅಜ್ಜಿ. ನೂಲು ತರಲು ಹೋಗಿದ್ದ ವಿಜಿ ಬಸ್ಸಿಲ್ಲದೆ ಉಡುಮಲೈಯಲ್ಲೇ ಸಿಕ್ಕಿಕೊಂಡಿದ್ದಳು. ಅವಳು ಬಂದು ಸೇರುವಷ್ಟರಲ್ಲಿ ಇಬ್ಬರಿಗೂ ಮಣ್ಣು ಕೊಟ್ಟಾಗಿತ್ತು.

ಕೊನೆಗೂ ಟ್ರ್ಯಾಕ್ಟರು ಬಂತು. ಹಿಂದಿನ ಟ್ರೇಲರಿನಲ್ಲಿ ಒಂದು ಆಯಿಲ್ ಇಂಜಿನು, ಸುತ್ತಿಟ್ಟ ದಪ್ಪ ಪೈಪು. ಇಳಿದವನಿಗೆ ಮೂವತ್ತರ ಒಳಗಿನ ವಯಸ್ಸು. ಮೊಣಕಾಲಿನ ಮೇಲಕ್ಕೆ ಕಟ್ಟಿದ ಲುಂಗಿ, ತಲೆಗೆ ಸುತ್ತಿದ ಟವೆಲು.

"ನಿಮ್ಮೂರಲ್ಲಿ ಎಂಟು ಗಂಟೆ ಅಂದ್ರೆ ಇದೇನಾ?" ವಿಜಿ ತಮಿಳಿನಲ್ಲಿ ಕೇಳಿದಳು.

"ಮನ್ನಿಚ್ಚುಕ್ಕೋಂಗ, ಅಮ್ಮಿಣಿ," ಎಂದು ತಮಿಳಿನಲ್ಲೇ ಕ್ಷಮೆ ಕೇಳಿದ ಅವನು, ತಲೆ ಎತ್ತದೆ.

ವಿಜಿ ಪಕ್ಕದ ಮನೆಯ ಪಂಕಜಂ ಕಡೆ ತಿರುಗಿ ಮನೆಮಾತಾದ ಕನ್ನಡದಲ್ಲಿ ಗೊಣಗಿದಳು. "ಮೂತಿ ನೋಡಕ್ಕಾ. ನೆಂದ ಎಮ್ಮೆ ಕರು ಇದ್ದಂಗವನೆ. ಇವ್ನು ನೀರೆತ್ತಿ ಮುಗಿಸಾದು ಮುಂದ್ಲ ಆಡಿ ತಿಂಗಳಿಗೇ!"

ಅವನು ಪೈಪನ್ನು ಕುಣಿಗೆ ಇಳಿಸಿದ. ಹ್ಯಾಂಡಲ್ ಹಿಡಿದು ನಾಲ್ಕು ಸುತ್ತು ತಿರುಗಿಸಿದ. ಇಂಜಿನು ಕೆಮ್ಮಿ, ಕಪ್ಪು ಹೊಗೆ ಉಗುಳಿ, ಪಟಪಟ ಎನ್ನತೊಡಗಿತು. ಆಮೇಲೆ ನಿಧಾನವಾಗಿ ಅವಳತ್ತ ತಿರುಗಿದ.

"ಎಮ್ಮೆ ಕರು ಅಂದಿದ್ದು ನಿಜ ಅಮ್ಮಿಣಿ. ಆದ್ರೆ ಆಡಿ ತಿಂಗಳಗಂಟ ಬ್ಯಾಡ. ಊಟದ ಹೊತ್ತಿಗೆ ಎತ್ತಿಬಿಡ್ತೀನಿ."

ಕನ್ನಡ! ವಿಜಿಯ ಕಿವಿ ಬಿಸಿಯಾಯಿತು. ಪಂಕಜಂ ಸೆರಗು ಬಾಯಿಗಿಟ್ಟುಕೊಂಡು ಓಡಿಯೇ ಹೋದಳು.

"ನೀವು... ನಮ್ಮ ಮಾತಿನವರಾ?"

"ಗೌಡರ ಮನೆ. ಆ ದಿಬ್ಬದ ಮೇಲಿನ ತೋಟ ನಮ್ದು. ಹೆಸ್ರು ಮಯಿಲ್‌ಸಾಮಿ. ಹೊರಗೆಲ್ಲ ತಮಿಳು, ಮನೇಲಿ ಇದೇ."

ತಡೆಯಲಾಗದೆ ವಿಜಿ ನಕ್ಕುಬಿಟ್ಟಳು. ನಕ್ಕ ಮರುಕ್ಷಣವೇ ತಾಯಿಯ ನೆನಪಾಗಿ ಬಾಯಿ ಮುಚ್ಚಿಕೊಂಡಳು. ಹದಿನೆಂಟು ದಿನದಲ್ಲಿ ಅದು ಅವಳ ಮೊದಲ ನಗು. ಮಯಿಲ್‌ಸಾಮಿ ಅದನ್ನು ಕಂಡ. ಕಂಡವನು ನಗಲಿಲ್ಲ, ಯಾಕೋ ಮುಖ ತಿರುಗಿಸಿ ಪೈಪು ಸರಿಮಾಡುತ್ತ ನಿಂತ.

*

ಅವನು ಮರುದಿನ ಬಂದ, ಅದರ ಮರುದಿನವೂ ಬಂದ. ಒಂದೊಂದೇ ಮನೆಯ ಕುಣಿ ಬರಿದಾಯಿತು. ಮೂರು ಬಾವಿಗಳ ನೀರನ್ನು ಪೂರಾ ಎತ್ತಿಸಿ, ಹೂಳು ತೆಗೆಸಿ, ಬ್ಲೀಚಿಂಗ್ ಪೌಡರು ಹಾಕಿಸಿದ. ಡೀಸಲಿಗೂ ಏನೂ ತೆಗೆದುಕೊಳ್ಳಲಿಲ್ಲ. ಹೆಂಗಸರು ಶಾಲೆಯ ಅಂಗಳದಲ್ಲಿ ಎಲ್ಲರಿಗೂ ಒಂದೇ ಅಂಡೆಯಲ್ಲಿ ಗಂಜಿ ಕಾಯಿಸುತ್ತಿದ್ದರು. ಅವನೂ ಸಾಲಿನಲ್ಲಿ ಕೂತು ಕುಡಿಯುತ್ತಿದ್ದ.

ಸಂಜೆ ಬರುವಾಗ ಟ್ರೇಲರಿನಲ್ಲಿ ಹೊಲಗಳಲ್ಲಿ ಸಿಕ್ಕ ಸಾಮಾನು ಇರುತ್ತಿತ್ತು. ಮುಳ್ಳುಬೇಲಿಗೆ ಸಿಕ್ಕಿಕೊಂಡಿದ್ದ ಮಗ್ಗದ ಅಚ್ಚು, ಒನಕೆ, ಒಂಟಿ ಬಾಗಿಲು, ಲಾಳಿಗಳು. ಜನ ಮುತ್ತಿಕೊಂಡು ತಮ್ಮದನ್ನು ಹುಡುಕುತ್ತಿದ್ದರು. ಲಾಳಿ ಯಾರದೆಂದು ಹೇಳುವ ಕೆಲಸ ವಿಜಿಯದು.

"ಎಲ್ಲಾ ಲಾಳೀನೂ ಒಂದೇ ಥರ ಅಲ್ವಾ? ಹೆಂಗೆ ಗೊತ್ತಾಗ್ತದೆ?" ಮಯಿಲ್‌ಸಾಮಿ ಕೇಳಿದ.

"ಬೆರಳು ಸವೆಸಿರಾ ಜಾಗ ನೋಡಿ. ಇದು ಪಂಕಜಂ ಅಕ್ಕನ್ದು. ಹೆಬ್ಬೆರಳು ಒತ್ತಿ ಹಿಡೀತಾಳೆ."

ಅವನು ತನ್ನ ಅಂಗೈ ಚಾಚಿದ. "ಇದನ್ನೂ ನೋಡಿ ಹೇಳಿ."

ವಿಜಿ ಬಾಗಿ ನೋಡಿದಳು. ಮುಟ್ಟಲಿಲ್ಲ. ಅಗಲವಾದ ಕೈ; ರೇಖೆಗಳ ಸಂದಿನಲ್ಲೆಲ್ಲ ಕಪ್ಪು. ಇನ್ನೂ ಒಂದು ಕ್ಷಣ ಹೆಚ್ಚು ನೋಡಿದಳು.

"ಗ್ರೀಸು ಬಿಟ್ರೆ ಏನೂ ಕಾಣಲ್ಲ, ಇಂಜಿನ್‌ಕಾರರೇ."

"ತೊಳ್ಕೊಂಡು ಬರ್ಲಾ?"

"ಬ್ಯಾಡ. ಹಂಗೇ ಇರ್ಲಿ."

ಆ ರಾತ್ರಿ ಶಾಲೆಯ ಹಾಲಿನಲ್ಲಿ, ಎಪ್ಪತ್ತು ಜನದ ಉಸಿರಿನ ನಡುವೆ, 'ಹಂಗೇ ಇರ್ಲಿ' ಅಂತ ಯಾಕೆ ಹೇಳಿದೆ ಎಂದು ವಿಜಿಗೆ ನಿದ್ದೆ ಬರಲಿಲ್ಲ.

ಅವಳ ಅಪ್ಪ ಜಯರಾಮನ್ ಮಾತ್ರ ಯಾವುದರಲ್ಲೂ ಸೇರುತ್ತಿರಲಿಲ್ಲ. ಗಂಜಿ ಕೊಟ್ಟರೆ ಕುಡಿಯುವರು, ಇಲ್ಲದಿದ್ದರೆ ಇಲ್ಲ. ಬಾಯಿ ಬಿಟ್ಟರೆ ಒಂದೇ ಮಾತು.

"ಟ್ರ್ಯಾಕ್ಟರ್ ಬತ್ತದೆ, ನೀವು ಮುಂದೆ ಹೋಗಿ ಅಂದ್ಲು. ಅತ್ತೇನ ನಾ ಕರ್ಕಂಡ್ ಬತ್ತೀನಿ ಅಂದ್ಲು. ಯಾವ ಟ್ರ್ಯಾಕ್ಟರು? ಯಾರ ಟ್ರ್ಯಾಕ್ಟರು? ಪೈತ್ಯಕಾರಿ, ಹುಚ್ಚಿ!"

ಬೀದಿಯೂ ಅದನ್ನೇ ಹೇಳುತ್ತಿತ್ತು, ಕನಿಕರದಿಂದಲೇ. ಪಾಪ ನಾಚಿಯಮ್ಮ, ಗಾಬರಿಯಲ್ಲಿ ಏನೋ ಕನಸು ಕಂಡು, ಇಲ್ಲದ ಟ್ರ್ಯಾಕ್ಟರು ಕಾಯುತ್ತ ಕೂತಳು. ಆ ಮಾತು ಬಂದಾಗಲೆಲ್ಲ ವಿಜಿ ಎದ್ದು ಹೊರಗೆ ಹೋಗುತ್ತಿದ್ದಳು. ಅಮ್ಮ ಕನಸು ಕಾಣುವವಳಾಗಿರಲಿಲ್ಲ.

*

ಹಳೆಯ ಬೀದಿಯಲ್ಲಿ ಮತ್ತೆ ಮನೆ ಕಟ್ಟುವುದು ಬೇಡವೆಂದು ಎಲ್ಲರೂ ಒಪ್ಪಿದರು. ಹಳ್ಳ ಒಂದು ಸಲ ದಾರಿ ಕಂಡುಕೊಂಡಿದೆ, ಮತ್ತೆ ಬರುತ್ತದೆ. ಆದರೆ ಎತ್ತರದ ಜಾಗ ಕೊಡುವವರು ಯಾರು?

ಮಯಿಲ್‌ಸಾಮಿ ತನ್ನ ತಂದೆ ಅಯ್ಯಾಸಾಮಿ ಗೌಡರ ಜತೆ ಹತ್ತು ದಿನ ಜಗಳವಾಡಿದನಂತೆ. ಊಟ ಬಿಟ್ಟನಂತೆ. ಕೊನೆಗೆ ದಿಬ್ಬದ ಮೇಲಿನ ಎರಡು ಎಕರೆ ಕಲ್ಲುಹೊಲ ನೇಕಾರರ ಮನೆಗಳಿಗೆಂದು ಬರೆದುಕೊಡಲು ಒಪ್ಪಿಸಿದ. ಸುದ್ದಿ ಬಂದ ದಿನ ಬೀದಿಯ ಹೆಂಗಸರು ಅವನ ಟ್ರ್ಯಾಕ್ಟರಿಗೇ ಕುಂಕುಮ ಇಟ್ಟರು.

ಅಡಿಪಾಯ ಹಾಕುವ ದಿನ ಅವನಿಗೆ ಶಾಲು ಹೊದಿಸಬೇಕು, ಅದು ನಮ್ಮ ಮಗ್ಗದ್ದೇ ಆಗಬೇಕು ಎಂದರು ಹಿರಿಯರು. ಮೊದಲು ಒಣಗಿದ್ದು ವಿಜಿಯ ಕುಣಿ. ಬಿದ್ದ ಗೋಡೆಗಳ ನಡುವೆ, ಮೇಲೆ ತಡಿಕೆ ಕಟ್ಟಿಸಿಕೊಂಡು, ಅವಳು ನೇಯಲು ಕೂತಳು. ಮಾವಿನ ಚಿಗುರಿನ ಬಣ್ಣ, ಎರಡು ಬೆರಳಗಲದ ಅಂಚು. ಒಂದೊಂದು ಎಳೆಗೂ ಅವನ ಭುಜ ಕಣ್ಣಿಗೆ ಕಟ್ಟುತ್ತಿತ್ತು. ಗೌಡರ ಮನೆಗೂ ನೇಕಾರರ ಮನೆಗೂ ಸಂಬಂಧವೆಲ್ಲಿ ಬಂತು ಎಂದು ತನ್ನನ್ನೇ ಗದರಿಕೊಳ್ಳುವಳು. ಮತ್ತೆ ಅದೇ ಯೋಚನೆ.

ಅಡಿಪಾಯದ ಹಿಂದಿನ ದಿನ ಮಧ್ಯಾಹ್ನ ಅವನು ಬಂದ. ಮಗ್ಗದ ಪಕ್ಕದಲ್ಲಿ ನೆಲದ ಮೇಲೆ ಕೂತ.

"ಅಮ್ಮಿಣಿ, ಆ ಶಾಲು ನಂಗೆ ಹೊದಿಸಬ್ಯಾಡಿ."

"ಯಾಕೆ? ಬಣ್ಣ ಹಿಡಿಸ್ಲಿಲ್ವಾ?" ಅವಳು ಲಾಳಿ ನಿಲ್ಲಿಸದೆಯೇ ಓರೆಗಣ್ಣಿನಲ್ಲಿ ನೋಡಿದಳು. "ಎಮ್ಮೆ ಕರುಗೂ ಈ ಬಣ್ಣ ಒಪ್ತದೆ. ನಾ ಹೇಳ್ತೀನಿ ಕೇಳಿ."

ಅವನ ಮುಖದಲ್ಲಿ ನಗು ಇರಲಿಲ್ಲ.

"ಬರದೇ ಹೋದ ಟ್ರ್ಯಾಕ್ಟರು ನಂದು."

ವಿಜಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಲಾಳಿ ನಿಂತಿತು.

"ಆವತ್ತು ಮಧ್ಯಾಹ್ನ ನಿಮ್ಮಮ್ಮ ತೋಟಕ್ಕೆ ಬಂದಿದ್ರು. ಮೊಣಕಾಲು ನೀರು ದಾಟ್ಕಂಡು. ನಮ್ಮತ್ತೆಗೆ ನಡೆಯೋಕಾಗಲ್ಲ, ಟ್ರ್ಯಾಕ್ಟರ್ ತಗಂಡ್ ಬಾಪ್ಪಾ ಅಂದ್ರು. ನೀವು ಹೋಗಿರಿ, ಹಿಂದೇನೇ ಬತ್ತೀನಿ ಅಂದೆ." ಅವನು ನೆಲ ನೋಡುತ್ತ ಹೇಳುತ್ತಿದ್ದ. "ಹಳ್ಳದ ದಂಡೇಲಿ ಇಂಜಿನ್ ಇತ್ತು. ನೀರು ಅದರ ಬುಡಕ್ಕೆ ಬಂದಿತ್ತು. ಐದು ನಿಮಿಷ, ಇದನ್ನ ಎಳ್ದು ಮೇಲೆ ಹಾಕ್ಬಿಟ್ಟು ಹೋಗಾಣ ಅಂದ್ಕಂಡೆ. ಚಕ್ರ ಕೆಸ್ರಲ್ಲಿ ಹೂತ್ಕಂತು. ಐದು ನಿಮಿಷ ಒಂದು ಗಂಟೆ ಆಯ್ತು. ನಾ ಬರೋವಾಗ ಕೆರೆ ಒಡೆದಿತ್ತು. ಬೀದಿ ಇರ್ಲಿಲ್ಲ."

ಹೊರಗೆ ಯಾರದೋ ಕುಣಿಯಲ್ಲಿ ಇಂಜಿನು ಪಟಪಟ ಎನ್ನುತ್ತಿತ್ತು.

"ಇದೇ ಇಂಜಿನಾ?" ವಿಜಿ ಕೇಳಿದಳು.

"ಇದೇ."

"ಮೊದ್ಲ ದಿನಾನೇ ಯಾಕೆ ಹೇಳ್ಲಿಲ್ಲ?"

"ಹೇಳಕ್ಕೇ ಬಂದೆ. ಎಂಟು ಗಂಟೆಗೇ ಬಂದು ಬೀದಿ ತಿರುವಲ್ಲಿ ನಿಂತಿದ್ದೆ, ಹನ್ನೊಂದರ ತನ್ಕ. ಆಮೇಲೆ ನೀವು ನಕ್ಬಿಟ್ರಿ. ಹೇಳಕ್ಕೆ ಬಾಯಿ ಬರ್ಲಿಲ್ಲ. ಮಾರನೇ ದಿನ ಇನ್ನೂ ಕಷ್ಟ ಆಯ್ತು."

ವಿಜಿ ಕುಣಿಯಿಂದ ಎದ್ದಳು. ಅವಳ ಬಾಯಲ್ಲಿ 'ನೀವು' ಉಳಿಯಲಿಲ್ಲ.

"ಇಷ್ಟು ದಿನ ನಮ್ಮಮ್ಮನ್ನ ಬೀದಿಯೆಲ್ಲ ಪೈತ್ಯಕಾರಿ ಅಂತು. ಅಪ್ಪನೂ ಅಂದ. ನೀನು ಪಕ್ಕದಲ್ಲಿ ಕೂತು ಕೇಳ್ಕಂಡು ಗಂಜಿ ಕುಡ್ದೆ."

"ಹೌದು."

"ನಾಳೆ ಎಲ್ಲರ ಮುಂದೆ ಹೇಳು. ನನ್ನ ಹತ್ರ ಹೇಳಿದ್ರೆ ಸಾಲ್ದು. ಅವಳ ಹೆಸರು ಕೆಟ್ಟಿರಾದು ಬೀದೀಲಿ."

ಅವನು ತಲೆಯಾಡಿಸಿ ಎದ್ದು ಹೋದ. ಅವನ ಬೆನ್ನು ನೋಡುತ್ತ ನಿಂತ ವಿಜಿಗೆ ಸಿಟ್ಟು ಬಂದದ್ದು ತನ್ನ ಮೇಲೂ. ಅಷ್ಟೆಲ್ಲ ಕೇಳಿದ ಮೇಲೂ ಆ ಬೆನ್ನು ತಿರುಗಲಿ ಎಂದು ಮನಸ್ಸು ಕಾಯುತ್ತಿತ್ತು.

*

ಮರುದಿನ ದಿಬ್ಬದ ಮೇಲೆ ಬಿಸಿಲಿನಲ್ಲಿ ಎಲ್ಲರೂ ಸೇರಿದ್ದರು. ಶಾಲು ತಟ್ಟೆಯಲ್ಲಿತ್ತು. ಹಿರಿಯರು ಹೆಸರು ಕರೆಯುವ ಮೊದಲೇ ಮಯಿಲ್‌ಸಾಮಿ ನಡುವೆ ಬಂದು ನಿಂತು, ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದು, ಎಲ್ಲವನ್ನೂ ಹೇಳಿದ. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ.

ಹಿಂದಿನಿಂದ ಯಾರೋ, "ಇವನ ಭೂಮೀನೂ ಬ್ಯಾಡ, ಇವನೂ ಬ್ಯಾಡ," ಎಂದು ಕೂಗಿದರು. ಇನ್ನೊಬ್ಬರು ದನಿಗೂಡಿಸಿದರು.

ಜಯರಾಮನ್ ಎದ್ದರು. ಅವರು ಹೊಡೆಯುತ್ತಾರೆಂದೇ ವಿಜಿ ಅಂದುಕೊಂಡಳು. ಅವರು ಹತ್ತಿರ ಹೋಗಿ, ಕಿವಿ ಮಂದವಾದವರ ಹಾಗೆ ಮುಖ ಮುಂದೆ ಮಾಡಿ ಕೇಳಿದರು:

"ಇನ್ನೇನಂದ್ಲು?"

"ಜಯರಾಮನ್ ಚೆಟ್ಟಿಯಾರೇ..."

"ತೋಟಕ್ಕೆ ಬಂದ್ಲಲ್ಲ. ಇನ್ನೇನೇನು ಮಾತಾಡಿದ್ಲು? ಎಲ್ಲಾನೂ ಹೇಳು."

ಮಯಿಲ್‌ಸಾಮಿ ಅವರ ಮುಖ ನೋಡಿಯೇ ಹೇಳಿದ. "ಕುಡಿಯಕ್ಕೆ ನೀರು ಕೇಳಿದ್ರು. ಚೊಂಬಲ್ಲಿ ಕೊಟ್ಟೆ. ಇಷ್ಟು ನೀರು ಹರೀತಿರೋವಾಗ ಕುಡಿಯಕ್ಕೆ ನೀರು ಬೇಡಂಗಾಯ್ತು ನೋಡಪ್ಪಾ ಅಂತ ನಕ್ರು."

"ನಕ್ಲಾ?"

"ನಕ್ರು. ನಮ್ಮನೆಯವ್ರು ಭಯಸ್ಥರು, ಅವರನ್ನ ಮೊದ್ಲು ಗುಡ್ಡ ಹತ್ತಿಸ್ಬೇಕು ಅಂದ್ರು."

ಜಯರಾಮನ್ ಕಲ್ಲುನೆಲದ ಮೇಲೆ ಕೂತುಬಿಟ್ಟರು. "ಅವಳೇ. ಅವಳೇ ಹಂಗೆ ಮಾತಾಡಾದು," ಎಂದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಇನ್ನೊಂದ್ಸಲ ಹೇಳು."

ಅವನು ಇನ್ನೊಂದು ಸಲ ಹೇಳಿದ. ಹೆಂಗಸರು ಅಳತೊಡಗಿದರು. ತುಂಬ ಹೊತ್ತಿನ ಮೇಲೆ ಜಯರಾಮನ್ ತಲೆ ಎತ್ತಿ ಕೂಗಿದವರ ಕಡೆ ನೋಡಿದರು.

"ಭೂಮಿ ಏನು ಮಾಡ್ತು? ಮನೆ ಕಟ್ಟಿ. ಆ ಶಾಲು ಯಾರಿಗೂ ಬ್ಯಾಡ, ನೇಕಾರರ ಸೊಸೈಟಿಗೆ ಮಾರಕ್ಕೆ ಹಾಕಿ."

*

ಅದಾದ ನಾಲ್ಕನೆಯ ದಿನ ಮಯಿಲ್‌ಸಾಮಿ ಹೊರಟ. ಹಳ್ಳದ ಕೆಳಗಿನ ಊರುಗಳಲ್ಲಿ ಬಾವಿಗಳು ಇನ್ನೂ ಹೂಳು ತುಂಬಿಕೊಂಡೇ ಇದ್ದವು. ರಸ್ತೆಯ ಹುಣಸೆಮರದ ಹತ್ತಿರ ವಿಜಿ ನಿಂತಿದ್ದಳು. ಅವನು ಟ್ರ್ಯಾಕ್ಟರು ನಿಲ್ಲಿಸಿದ. ಇಳಿಯಲಿಲ್ಲ.

"ಬೈಯಕ್ಕೆ ಬಂದಿಲ್ಲ," ಎಂದಳು ಅವಳು.

"ಬೈದಿದ್ರೆ ಹಗುರಾಗ್ತಿತ್ತು."

"ಒಂದು ಕೇಳ್ತೀನಿ. ಆವತ್ತು ತೋಟಕ್ಕೆ ಬಂದು ಕರೆದಿದ್ದು ನಾನಾಗಿದ್ರೆ, ಇಂಜಿನ್ ಬಿಟ್ಟು ಬತ್ತಿದ್ಯಾ?"

ಅವನು ಸ್ಟಿಯರಿಂಗ್ ಮೇಲಿನ ತನ್ನ ಕೈಗಳನ್ನು ನೋಡಿದ.

"ಆವತ್ತು ನೀನು ಯಾರೋ ನಾನು ಯಾರೋ. ಬತ್ತಿದ್ದೆ ಅಂದ್ರೆ ಸುಳ್ಳಾಗ್ತದೆ, ವಿಜಿ."

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಬರುತ್ತಿದ್ದೆ ಎಂದು ಸುಳ್ಳು ಹೇಳಿದರೆ ದ್ವೇಷಿಸಿ ಮರೆತುಬಿಡಬೇಕೆಂದೇ ಅವಳು ಬಂದಿದ್ದಳು. ಈಗ ಅದಕ್ಕೂ ದಾರಿ ಉಳಿಯಲಿಲ್ಲ.

"ನಿನ್ನ ಮೇಲೆ ಆಸೆ ಇತ್ತು," ಎಂದಳು. "ಈಗ್ಲೂ ಇದೆ. ಸುಳ್ಳು ಹೇಳಲ್ಲ. ಆದ್ರೆ ನಿನ್ನ ತಟ್ಟೆಗೆ ಅನ್ನ ಹಾಕೋವಾಗೆಲ್ಲ ಅಮ್ಮ ಬಾಗಿಲಲ್ಲಿ ನಿಂತಂಗಾಗ್ತದೆ. ಆ ಮನೇಲಿ ನಾವಿಬ್ರೂ ಬದುಕಕ್ಕಾಗಲ್ಲ."

"ಗೊತ್ತು. ನಂಗೂ ಹಂಗೇ."

ವಿಜಿ ಮೆಲ್ಲಗೆ ಕೈ ಎತ್ತಿ ಅವನ ಕೈಯ ಮೇಲಿಟ್ಟಳು. ಗ್ರೀಸಿನ ವಾಸನೆ, ಬಿಸಿಲಿಗೆ ಕಾದ ಕಬ್ಬಿಣದ ಬಿಸಿ. ರಸ್ತೆಯಲ್ಲಿ ಅವಿನಾಶಿ ಊರಿನ ಕಡೆಯ ಲಾರಿಯೊಂದು ದಾಟಿ ಹೋಗುವವರೆಗೂ ಕೈ ತೆಗೆಯಲಿಲ್ಲ. ಆಮೇಲೆ ತೆಗೆದು, ದಾರಿ ಬಿಟ್ಟು ನಿಂತಳು.

ಟ್ರ್ಯಾಕ್ಟರು ತಿರುವಿನಲ್ಲಿ ಮರೆಯಾಯಿತು. ಅವನು ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ತಾನು ಓಡುತ್ತಿದ್ದೆನೇನೋ ಎಂದು ವಿಜಿ ಆಮೇಲೆ ಎಷ್ಟೋ ವರ್ಷ ಅಂದುಕೊಂಡಳು.

ಅವಳು ದಿಬ್ಬ ಹತ್ತಿದಾಗ ಹೊಸ ಮನೆಗಳ ಅಡಿಪಾಯದ ನಡುವೆ ಹೆಂಗಸರು ಮೊದಲ ಪಾವು ಹಾಯಿಸಲು ಕಾದಿದ್ದರು. ಮಗ್ಗಕ್ಕೆ ಏರಿಸುವ ಮೊದಲು ಬೀದಿಯುದ್ದಕ್ಕೂ ಎಳೆದು ಕಟ್ಟುವ ಉದ್ದನೆಯ ನೂಲು. ಎರಡು ತುದಿಯಲ್ಲೂ ಆಳು ಬೇಕು. ಒಂದು ತುದಿ ಖಾಲಿ ಇತ್ತು. ಯಾರೂ ಅವಳನ್ನು ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಅವಳು ಕಣ್ಣೊರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಆ ತುದಿ ಹಿಡಿದಳು.

"ಹಿಡ್ಕಂಡ್ಯಾ, ವಿಜೀ?" ಆಚೆ ತುದಿಯಿಂದ ಪಂಕಜಂ ಕೂಗಿದಳು.

"ಹಿಡ್ಕಂಡೆ ಅಕ್ಕಾ," ಎಂದಳು ಅವಳು. "ಎಳೀರಿ."